‘ಪೇಜ್ ಸೋರ್ಸ್ ತೆರೆದರೆ ಅಡಗಿಸಿಟ್ಟ ಫಲಿತಾಂಶ ಕಾಣುತ್ತದೆ’: ಈ ಮಾತು ಎಷ್ಟು ನಿಜ?

ಸಂಕ್ಷಿಪ್ತವಾಗಿ:
- ವೆಬ್ ಪುಟದಲ್ಲಿ ಒಂದು ಮಾಹಿತಿ ಕಾಣದಿರಲು ಎರಡು ಕಾರಣಗಳಿರಬಹುದು. ಒಂದೋ ಅದು ನಿಮ್ಮ ಫೋನಿಗೆ ಬಂದೇ ಇಲ್ಲ, ಇಲ್ಲವೇ ಬಂದಿದೆ ಆದರೆ ಮುಚ್ಚಿಡಲಾಗಿದೆ.
- ಬಂದೇ ಇಲ್ಲದ್ದನ್ನು ಪೇಜ್ ಸೋರ್ಸ್ ತೆರೆದು ನೋಡಲು ಸಾಧ್ಯವಿಲ್ಲ. ಬಂದು ಮುಚ್ಚಿರುವುದನ್ನು ಯಾರು ಬೇಕಾದರೂ ನೋಡಬಹುದು.
- ಪುಟವನ್ನು ನಿಮ್ಮ ಬ್ರೌಸರಿನಲ್ಲಿ ತಿದ್ದಿದರೆ ಬದಲಾಗುವುದು ನಿಮ್ಮ ಪರದೆ ಮಾತ್ರ, ಅಸಲಿ ದಾಖಲೆಯಲ್ಲ.

ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿ ಮನೆಮಂದಿಯ ವಾಟ್ಸಾಪ್ ಗುಂಪುಗಳಿಗೂ ನಿದ್ದೆ ಇರುವುದಿಲ್ಲ. ‘ರಿಸಲ್ಟ್ ಆಗಲೇ ವೆಬ್‌ಸೈಟಿನಲ್ಲಿದೆ, ಅಡಗಿಸಿಟ್ಟಿದ್ದಾರೆ ಅಷ್ಟೇ. ಬ್ರೌಸರಿನಲ್ಲಿ ಪೇಜ್ ಸೋರ್ಸ್ ತೆರೆಯಿರಿ, ಕಾಣುತ್ತದೆ’ ಎಂಬಂಥ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ‘ಇನ್‌ಸ್ಪೆಕ್ಟ್ ಒತ್ತಿ ಅಂಕ ತಿದ್ದಬಹುದು’ ಎಂಬುದು ಅದರದೇ ಜಾತಿಯ ಇನ್ನೊಂದು ಸಂದೇಶ. ಮೂರನೆಯ ಮಾತನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಆದರೆ ನಮ್ಮಲ್ಲಿ ಬಹಳ ಜನ ಅದನ್ನು ಒಳಗೊಳಗೇ ನಂಬಿದ್ದೇವೆ: ‘ಪರದೆಯ ಮೇಲೆ ಕಾಣದಿದ್ದರೆ ಅದು ಸುರಕ್ಷಿತವಾಗಿದೆ.’

ಈ ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ವೆಬ್‌ಸೈಟ್ ಕಟ್ಟುವವರು ಪುಟದ ಯಾವ ಭಾಗ ಯಾರಿಗೆ ಕಾಣಬೇಕು ಎಂದು ಹೇಗೆ ನಿರ್ಧರಿಸುತ್ತಾರೆ ಎಂಬುದರಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬಡಿಸದಿರುವುದು ಬೇರೆ, ಬಡಿಸಿ ಮುಚ್ಚುವುದು ಬೇರೆ

ನೀವು ಒಂದು ವಿಳಾಸ ತೆರೆದಾಗ ದೂರದಲ್ಲಿರುವ ಸರ್ವರ್ ಎಂಬ ಕಂಪ್ಯೂಟರ್ ನಿಮಗಾಗಿ ಒಂದು ಪುಟ ಸಿದ್ಧಪಡಿಸಿ ಕಳಿಸುತ್ತದೆ. ಆ ಪುಟ ಚಿತ್ರದ ರೂಪದಲ್ಲಿ ಬರುವುದಿಲ್ಲ. ಎಚ್‌ಟಿಎಂಎಲ್ ಎಂಬ ಭಾಷೆಯಲ್ಲಿ ಬರೆದ ಬರಹವಾಗಿ ಬರುತ್ತದೆ. ಅದನ್ನು ಓದಿ, ಬಣ್ಣ ಹಚ್ಚಿ, ಜೋಡಿಸಿ ತೋರಿಸುವುದು ನಿಮ್ಮ ಫೋನಿನ ಬ್ರೌಸರಿನ ಕೆಲಸ. ‘ಪೇಜ್ ಸೋರ್ಸ್’ ಎಂದರೆ ಹಾಗೆ ಬಂದ ಮೂಲ ಬರಹ, ಅಷ್ಟೇ. ಅದನ್ನು ನೋಡುವುದು ಬೀಗ ಒಡೆದಂತೆ ಅಲ್ಲ. ಆ ಸೌಲಭ್ಯ ಬ್ರೌಸರುಗಳಲ್ಲೇ ಇದೆ.

ಮದುವೆ ಮನೆಯ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಸಕ್ಕರೆ ಕಾಯಿಲೆಯವರೊಬ್ಬರಿಗೆ ಪಾಯಸ ಬೇಡ. ಬಡಿಸುವವರು ಅವರ ಎಲೆಗೆ ಪಾಯಸ ಹಾಕದೆ ಮುಂದೆ ಹೋಗಬಹುದು. ಅಥವಾ ಪಾಯಸ ಹಾಕಿ, ಅದರ ಮೇಲೆ ಇನ್ನೊಂದು ತುಂಡು ಎಲೆ ಮುಚ್ಚಬಹುದು. ದೂರದಿಂದ ನೋಡುವವರಿಗೆ ಎರಡೂ ಒಂದೇ, ಪಾಯಸ ಕಾಣುವುದಿಲ್ಲ. ಆದರೆ ಎರಡನೆಯ ಎಲೆಯಲ್ಲಿ ಪಾಯಸ ಇದೆ. ಮುಚ್ಚಿದ ತುಂಡನ್ನು ಎತ್ತಿದರೆ ಮುಗಿಯಿತು.

ವೆಬ್ ಪುಟದಲ್ಲೂ ಹೀಗೆಯೇ. ಸರ್ವರ್ ಒಂದು ಮಾಹಿತಿಯನ್ನು ಕಳಿಸದೇ ಇರಬಹುದು. ಇಲ್ಲವೇ ಕಳಿಸಿ, ‘ಇದನ್ನು ತೋರಿಸಬೇಡ’ ಎಂಬ ಸೂಚನೆಯನ್ನೂ ಜೊತೆಗೆ ಕೊಡಬಹುದು. ಪುಟದ ಅಲಂಕಾರ ನೋಡಿಕೊಳ್ಳುವ ಸಿಎಸ್ಎಸ್ ಭಾಷೆಯಲ್ಲಿ ‘ಡಿಸ್‌ಪ್ಲೇ ನನ್’ ಎಂದು ಬರೆದರೆ ಆ ಭಾಗ ಜಾಗವನ್ನೂ ಹಿಡಿಯದೆ ಮಾಯವಾಗುತ್ತದೆ. ‘ವಿಸಿಬಿಲಿಟಿ ಹಿಡನ್’ ಎಂದು ಬರೆದರೆ ಜಾಗ ಖಾಲಿ ಉಳಿದು ಅಕ್ಷರ ಮಾತ್ರ ಮಾಯವಾಗುತ್ತದೆ. ಎರಡರಲ್ಲೂ ಮಾಹಿತಿ ನಿಮ್ಮ ಫೋನಿಗೆ ಬಂದಾಗಿದೆ.

ಜಾವಾದಲ್ಲಿ ಕಟ್ಟಿದ ವೆಬ್‌ಸೈಟು ಇದನ್ನು ಹೇಗೆ ನಿಭಾಯಿಸುತ್ತದೆ?

ಬ್ಯಾಂಕು, ವಿಮೆ, ಸರ್ಕಾರಿ ಸೇವೆ ಮುಂತಾದ ದೊಡ್ಡ ವ್ಯವಸ್ಥೆಗಳಲ್ಲಿ ಜಾವಾ ಭಾಷೆಯ ಬಳಕೆ ಹೆಚ್ಚು. ಪ್ರತಿ ಸಲ ಮೊದಲಿನಿಂದ ಬರೆಯುವ ಬದಲು, ತಯಾರಕರು ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟನ್ನು ಬಳಸುತ್ತಾರೆ. ಇಂಥ ಚೌಕಟ್ಟುಗಳಲ್ಲಿ ಜಾವಾಸರ್ವರ್ ಫೇಸಸ್ ಒಂದು. ಅದರ ಮೊದಲ ಆವೃತ್ತಿ 2004ರಲ್ಲಿ ಬಂತು, ಈಗ ಅದಕ್ಕೆ ಜಕಾರ್ತಾ ಫೇಸಸ್ ಎಂಬ ಹೆಸರು. ಅಪಾಚೆ ವಿಕೆಟ್ ಇನ್ನೊಂದು. ಇದೂ 2004ರ ಸುಮಾರಿಗೆ ಶುರುವಾಗಿ 2007ರಲ್ಲಿ ಅಪಾಚೆ ಸಂಸ್ಥೆಯ ಪೂರ್ಣ ಪ್ರಮಾಣದ ಯೋಜನೆಯಾಯಿತು.

ಈ ಎರಡರಲ್ಲೂ ಪುಟವೆಂದರೆ ಕಾಂಪೊನೆಂಟುಗಳ ಜೋಡಣೆ. ಹೆಸರು ತೋರಿಸುವ ಜಾಗ ಒಂದು ಕಾಂಪೊನೆಂಟ್, ಅಂಕಗಳ ಪಟ್ಟಿ ಇನ್ನೊಂದು, ‘ತಿದ್ದು’ ಎಂಬ ಬಟನ್ ಮತ್ತೊಂದು. ಅಂಕಗಳ ಪುಟವನ್ನು ವಿದ್ಯಾರ್ಥಿಯೂ ನೋಡುತ್ತಾನೆ, ಶಿಕ್ಷಕರೂ ನೋಡುತ್ತಾರೆ ಎಂದುಕೊಳ್ಳಿ. ‘ತಿದ್ದು’ ಬಟನ್ ಶಿಕ್ಷಕರಿಗೆ ಮಾತ್ರ ಕಾಣಬೇಕು.

ವಿಕೆಟ್‌ನಲ್ಲಿ ಆ ಬಟನ್ನಿಗೆ ‘ಸೆಟ್ ವಿಸಿಬಲ್ ಫಾಲ್ಸ್’ ಎಂದು ಹೇಳಿದರೆ, ಫೇಸಸ್‌ನಲ್ಲಿ ಅದರ ‘ರೆಂಡರ್ಡ್’ ಎಂಬ ಗುಣವನ್ನು ‘ಫಾಲ್ಸ್’ ಮಾಡಿದರೆ, ಸರ್ವರ್ ಪುಟ ಬರೆಯುವಾಗ ಆ ಬಟನ್ನನ್ನು ಬಿಟ್ಟೇ ಬರೆಯುತ್ತದೆ. ವಿದ್ಯಾರ್ಥಿಯ ಫೋನಿಗೆ ಬರುವ ಬರಹದಲ್ಲಿ ‘ತಿದ್ದು’ ಎಂಬ ಪದವೇ ಇರುವುದಿಲ್ಲ. ಪೇಜ್ ಸೋರ್ಸನ್ನು ಮೇಲಿಂದ ಕೆಳಗಿನವರೆಗೆ ಹುಡುಕಿದರೂ ಸಿಗದು. ಇದು ಪಾಯಸ ಬಡಿಸದೇ ಇರುವ ಬಗೆ.

ಫಲಿತಾಂಶದ ಸಂದೇಶಕ್ಕೆ ಉತ್ತರ ಇಲ್ಲೇ ಇದೆ. ನೀವು ನೋಂದಣಿ ಸಂಖ್ಯೆ ಹಾಕಿ ಒತ್ತಿದ ಮೇಲೆ ಸರ್ವರ್ ನಿಮ್ಮ ಅಂಕಗಳನ್ನು ಹುಡುಕಿ, ಪುಟಕ್ಕೆ ಸೇರಿಸಿ ಕಳಿಸುತ್ತದೆ. ಸರಿಯಾಗಿ ಕಟ್ಟಿದ ತಾಣದಲ್ಲಿ ಅದಕ್ಕೆ ಮೊದಲು ಅಂಕಗಳು ನಿಮ್ಮ ಫೋನಿನಲ್ಲಿ ಇರುವುದೇ ಇಲ್ಲ. ಇಲ್ಲದ್ದನ್ನು ಯಾವ ಸೋರ್ಸೂ ತೋರಿಸಲಾರದು.

ಒಂದು ಬಟನ್ ಕಾಣಲು ಮೂರು ‘ಹೌದು’

ವಿಕೆಟ್‌ನಲ್ಲಿ ಒಂದು ಕಾಂಪೊನೆಂಟ್ ಪುಟಕ್ಕೆ ಬರಬೇಕಾದರೆ ಮೂರು ಪ್ರಶ್ನೆಗಳಿಗೂ ‘ಹೌದು’ ಎಂಬ ಉತ್ತರ ಬೇಕು. ಮೊದಲನೆಯದು, ಕಾಂಪೊನೆಂಟ್ ಸ್ವತಃ ಕಾಣಲು ಸಿದ್ಧವಿದೆಯೇ? ಎರಡನೆಯದು, ಈ ಬಳಕೆದಾರರಿಗೆ ಇದನ್ನು ನೋಡುವ ಅಧಿಕಾರವಿದೆಯೇ? ಮೂರನೆಯದು, ಇದನ್ನು ತೋರಿಸಲು ಹೊರಗಿನಿಂದಲೂ ಅನುಮತಿ ಇದೆಯೇ? ಒಂದೇ ಒಂದು ಕಡೆ ‘ಬೇಡ’ ಎಂದರೂ ಕಾಂಪೊನೆಂಟ್ ಪುಟಕ್ಕೆ ಬರುವುದಿಲ್ಲ. ಅದನ್ನು ಹೊತ್ತಿರುವ ದೊಡ್ಡ ಕಾಂಪೊನೆಂಟ್ ಮರೆಯಾಗಿದ್ದರೆ ಒಳಗಿನ ಯಾವುದೂ ಬರುವುದಿಲ್ಲ. ಬಾಗಿಲೇ ಮುಚ್ಚಿದ ಮೇಲೆ ಒಳಗಿನ ಕಪಾಟು ತೆರೆದಿದ್ದರೂ ಅಷ್ಟೇ.

ಸಣ್ಣ ವಿಷಯಗಳಲ್ಲೂ ಎಚ್ಚರ ಬೇಕು. ಒಬ್ಬರ ಮೊಬೈಲ್ ಸಂಖ್ಯೆಯನ್ನು ಮರೆಮಾಡಿದಾಗ ಅದರ ಪಕ್ಕದ ‘ಮೊಬೈಲ್ ಸಂಖ್ಯೆ:’ ಎಂಬ ಪದ ಉಳಿದುಬಿಟ್ಟರೆ ಪುಟ ಅರ್ಧಂಬರ್ಧವಾಗಿ ಕಾಣುತ್ತದೆ. ಒಳಗಿನದು ಮರೆಯಾದಾಗ ಸುತ್ತಲಿನ ಪದಗಳೂ ಮರೆಯಾಗಲಿ ಎಂದು ವಿಕೆಟ್‌ನಲ್ಲಿ ‘ಎನ್‌ಕ್ಲೋಷರ್’ ಎಂಬ ಏರ್ಪಾಡಿದೆ.

ಕಾಣದ ಬಟನ್ನನ್ನು ಒತ್ತಿದರೆ ಏನಾಗುತ್ತದೆ?

ಇಲ್ಲಿ ಜಾಣರೊಬ್ಬರು ಕೇಳಬಹುದು: ‘ಬಟನ್ ಕಾಣದಿದ್ದರೇನು? ಅದನ್ನು ಒತ್ತಿದಾಗ ಸರ್ವರಿಗೆ ಹೋಗುವ ಕೋರಿಕೆಯನ್ನು ನಾನೇ ಬರೆದು ಕಳಿಸಿದರೆ?’ ಒಳ್ಳೆಯ ಪ್ರಶ್ನೆ. ಬ್ರೌಸರಿನಿಂದ ಬರುವ ಯಾವುದನ್ನೂ ಸರ್ವರ್ ಕಣ್ಣುಮುಚ್ಚಿ ನಂಬಬಾರದು ಎಂಬುದು ಈ ಕಾರಣಕ್ಕೇ.

ಫೇಸಸ್ ಚೌಕಟ್ಟು ಕೋರಿಕೆ ಬಂದಾಗ ‘ಈ ಕಾಂಪೊನೆಂಟ್ ಕಾಣಬೇಕಾಗಿತ್ತೇ?’ ಎಂಬ ಷರತ್ತನ್ನು ಇನ್ನೊಮ್ಮೆ ಪರೀಕ್ಷಿಸುತ್ತದೆ. ಕಾಣಬಾರದ ಕಾಂಪೊನೆಂಟಿನ ಹೆಸರಲ್ಲಿ ಬಂದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಿಕೆಟ್ ಕೂಡ ಮರೆಯಾಗಿರುವ ಬಟನ್ನಿನ ಹೆಸರಲ್ಲಿ ಬಂದ ಕೋರಿಕೆಯನ್ನು ಸಾಮಾನ್ಯವಾಗಿ ನಿರಾಕರಿಸುತ್ತದೆ. ಅಂದರೆ ಇಲ್ಲಿ ‘ಕಾಣಬಾರದು’ ಎಂಬುದರೊಳಗೆ ‘ಒತ್ತಲೂ ಬಾರದು’ ಎಂಬುದೂ ಸೇರಿದೆ.

ಸಿಎಸ್ಎಸ್‌ನಿಂದ ಮುಚ್ಚಿದ ಬಟನ್ನಿಗೆ ಈ ಕಾವಲು ಇಲ್ಲ. ಸರ್ವರಿನ ಲೆಕ್ಕದಲ್ಲಿ ಅದು ಪುಟದಲ್ಲಿ ಇದ್ದೇ ಇದೆ. ಬೂದು ಬಣ್ಣಕ್ಕೆ ತಿರುಗಿಸಿ ‘ಒತ್ತಲಾಗದಂತೆ’ ಮಾಡಿದ ಬಟನ್ನೂ, ಆ ಬೂದು ಬಣ್ಣವನ್ನು ಬ್ರೌಸರಿನಲ್ಲಿ ಮಾತ್ರ ಹಚ್ಚಿದ್ದರೆ ಹಾಗೆಯೇ, ಅದನ್ನು ಅಲ್ಲೇ ತೆಗೆಯಬಹುದು. ಹಾಗಾಗಿ ಚೌಕಟ್ಟು ಎಷ್ಟೇ ಗಟ್ಟಿಯಿದ್ದರೂ ‘ಈ ಕೆಲಸಕ್ಕೆ ಇವರಿಗೆ ಅಧಿಕಾರವಿದೆಯೇ?’ ಎಂಬ ಪರೀಕ್ಷೆ ಅಂಕ ತಿದ್ದುವ ಆ ಕ್ಷಣದಲ್ಲೂ ಸರ್ವರಿನಲ್ಲಿ ನಡೆಯಬೇಕು. ವೆಬ್ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ ಎಂಬ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಮೊದಲನೆಯದೇ ಇದು: ಯಾರು ಏನು ನೋಡಬಹುದು, ಏನು ಮಾಡಬಹುದು ಎಂಬ ಹತೋಟಿ ಕೈತಪ್ಪುವುದು.

ಹಾಗಾದರೆ ತಯಾರಕರು ಎಡವುವುದು ಎಲ್ಲಿ?

ಒಟಿಪಿ ಪೆಟ್ಟಿಗೆಯನ್ನು ಗಮನಿಸಿ. ಮೊಬೈಲ್ ಸಂಖ್ಯೆ ಹಾಕಿ ಒತ್ತಿದ ಮೇಲೆ ಪೂರ್ತಿ ಪುಟ ಮತ್ತೆ ಲೋಡ್ ಆಗದೆ, ಒಟಿಪಿ ಹಾಕುವ ಪೆಟ್ಟಿಗೆ ಮಾತ್ರ ಪ್ರತ್ಯಕ್ಷವಾಗುತ್ತದೆ. ಹೀಗೆ ಪುಟದ ಒಂದು ತುಂಡನ್ನು ಮಾತ್ರ ಬದಲಿಸುವ ವಿಧಾನಕ್ಕೆ ಅಜಾಕ್ಸ್ ಎನ್ನುತ್ತಾರೆ.

ಪೆಟ್ಟಿಗೆಯನ್ನು ಸರ್ವರ್ ಮೊದಲು ಕಳಿಸಿರಲೇ ಇಲ್ಲ. ಈಗ ಕಳಿಸಿದರೆ ಬ್ರೌಸರ್ ಅದನ್ನು ಎಲ್ಲಿ ಕೂರಿಸಬೇಕು? ಆ ಹೆಸರಿನ ಜಾಗವೇ ಪುಟದಲ್ಲಿಲ್ಲ. ಪೆಟ್ಟಿಗೆ ಕಾಣುವುದಿಲ್ಲ, ಹೊಸಬ ಪ್ರೋಗ್ರಾಮರ್ ತಲೆ ಕೆರೆದುಕೊಳ್ಳುತ್ತಾರೆ. ಗಡುವು ಹತ್ತಿರವಿದ್ದಾಗ ಸುಲಭದ ದಾರಿ ಹೊಳೆಯುತ್ತದೆ: ಎಲ್ಲವನ್ನೂ ಮೊದಲೇ ಕಳಿಸಿ, ಸಿಎಸ್ಎಸ್‌ನಿಂದ ಮುಚ್ಚಿ, ಬೇಕಾದಾಗ ತೆರೆದರಾಯಿತು. ಖಾಲಿ ಒಟಿಪಿ ಪೆಟ್ಟಿಗೆಯ ಮಟ್ಟಿಗೆ ಇದರಿಂದ ನಷ್ಟವಿಲ್ಲ. ಆದರೆ ಇದೇ ಅಭ್ಯಾಸ ಬೇರೆಯವರ ವಿಳಾಸ, ಸಂಬಳ, ಗುರುತಿನ ಸಂಖ್ಯೆಗಳಿಗೂ ಹಬ್ಬಿದರೆ ಅನಾಹುತ.

ಇದಕ್ಕೆ ಸರಿಯಾದ ದಾರಿ ಚೌಕಟ್ಟಿನಲ್ಲೇ ಇದೆ. ವಿಕೆಟ್‌ನಲ್ಲಿ ‘ಔಟ್‌ಪುಟ್ ಮಾರ್ಕಪ್ ಪ್ಲೇಸ್‌ಹೋಲ್ಡರ್ ಟ್ಯಾಗ್’ ಎಂಬ ಸೌಲಭ್ಯ ಹಾಕಿದರೆ, ಮರೆಯಾದ ಕಾಂಪೊನೆಂಟಿನ ಜಾಗದಲ್ಲಿ ಹೆಸರು ಮಾತ್ರ ಇರುವ ಒಂದು ಖಾಲಿ ಗುರುತನ್ನು ಸರ್ವರ್ ಕಳಿಸುತ್ತದೆ. ಫೇಸಸ್‌ನಲ್ಲಿ ಯಾವಾಗಲೂ ಇರುವ ಒಂದು ಹೊರ ಪೆಟ್ಟಿಗೆಯೊಳಗೆ ಅದನ್ನಿಟ್ಟು, ಹೊರ ಪೆಟ್ಟಿಗೆಯನ್ನು ಬದಲಿಸುತ್ತಾರೆ. ಎಲೆಯ ಮೇಲೆ ಪಾಯಸಕ್ಕೆ ಜಾಗ ಬಿಟ್ಟಂತೆ ಇದು. ಜಾಗ ಇದೆ, ಪಾಯಸ ಇನ್ನೂ ಅಡುಗೆಮನೆಯಲ್ಲೇ ಇದೆ.

ಮುಚ್ಚಿಟ್ಟರೆ ಸಾಕು ಎಂದುಕೊಂಡಿದ್ದಕ್ಕೆ ಏನಾಯಿತು?

2021ರ ಅಕ್ಟೋಬರಿನಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ ನಡೆದ ಘಟನೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಶಿಕ್ಷಕರ ಅರ್ಹತಾಪತ್ರಗಳನ್ನು ಸಾರ್ವಜನಿಕರು ಹುಡುಕಿ ನೋಡಬಹುದಿತ್ತು. ಸೇಂಟ್ ಲೂಯಿಸ್ ಪೋಸ್ಟ್-ಡಿಸ್ಪ್ಯಾಚ್ ಪತ್ರಿಕೆಯ ವರದಿಗಾರರೊಬ್ಬರಿಗೆ ಒಂದು ವಿಷಯ ಗೊತ್ತಾಯಿತು. ಪರದೆಯ ಮೇಲೆ ಕಾಣದಿದ್ದರೂ, ಪುಟದ ಮೂಲ ಬರಹದೊಳಗೆ ಶಿಕ್ಷಕರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳು ಇದ್ದವು. ಅಮೆರಿಕದಲ್ಲಿ ಈ ಸಂಖ್ಯೆ ಬ್ಯಾಂಕು, ಸಾಲ, ತೆರಿಗೆ ಎಲ್ಲಕ್ಕೂ ಬೇಕಾಗುವ ಗುರುತು. ಒಂದು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು ಹೀಗೆ ಅಪಾಯದಲ್ಲಿದ್ದವು ಎಂದು ಪತ್ರಿಕೆ ಅಂದಾಜು ಮಾಡಿತು.

ಪತ್ರಿಕೆ ಮೊದಲು ಇಲಾಖೆಗೆ ತಿಳಿಸಿತು. ದೋಷ ಸರಿಯಾಗುವವರೆಗೆ ಕಾದು, ಆಮೇಲೆ ಸುದ್ದಿ ಪ್ರಕಟಿಸಿತು. ಆದರೆ ರಾಜ್ಯದ ಗವರ್ನರ್ ಮೈಕ್ ಪಾರ್ಸನ್ ಪತ್ರಿಕಾಗೋಷ್ಠಿ ಕರೆದು ವರದಿಗಾರರನ್ನೇ ಹ್ಯಾಕರ್ ಎಂದು ಕರೆದರು. ತನಿಖೆ ಶುರುವಾಯಿತು. ಇಲಾಖೆ ಮೊದಲು ಪತ್ರಿಕೆಗೆ ಧನ್ಯವಾದ ಹೇಳಲು ಹೊರಟಿತ್ತು ಎಂಬುದು ನಂತರ ಹೊರಬಂದ ಇಮೇಲುಗಳಿಂದ ಗೊತ್ತಾಯಿತು. 2022ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ವಕೀಲರು ಯಾವ ಮೊಕದ್ದಮೆಯನ್ನೂ ಹೂಡುವುದಿಲ್ಲ ಎಂದು ತಿಳಿಸಿದರು.

ಆ ಸಂಖ್ಯೆಗಳನ್ನು ನೇರವಾಗಿ ಓದಲು ಬಾರದ ಬೇರೊಂದು ರೂಪಕ್ಕೆ ತಿರುಗಿಸಿ ಇಡಲಾಗಿತ್ತು. ಆದರೆ ರೂಪ ಬದಲಿಸುವುದು ಬೀಗ ಹಾಕಿದಂತಲ್ಲ. ಬೀಗಕ್ಕೆ ಕೀಲಿ ಬೇಕು, ಇಂಥ ರೂಪಾಂತರವನ್ನು ಹಿಂದಕ್ಕೆ ತಿರುಗಿಸಲು ಕೀಲಿಯೇ ಬೇಡ. ಆ ತಾಣವನ್ನು ಯಾವ ಭಾಷೆಯಲ್ಲಿ ಬರೆದಿದ್ದರು ಎಂಬುದು ಇಲ್ಲಿ ಮುಖ್ಯವಲ್ಲ. ಆ ಪುಟಕ್ಕೆ ಬೇಕಿಲ್ಲದ ಸಂಖ್ಯೆ ಪುಟದ ಜೊತೆ ಹೊರಟದ್ದೇ ತಪ್ಪು.

‘ಇನ್‌ಸ್ಪೆಕ್ಟ್ ಒತ್ತಿ ಅಂಕ ತಿದ್ದಬಹುದು’ ಎಂಬುದು?

ತಿದ್ದಬಹುದು, ನಿಮ್ಮ ಪರದೆಯ ಮೇಲೆ. ಪುಟ ನಿಮ್ಮ ಬ್ರೌಸರಿಗೆ ಬಂದ ಒಂದು ಪ್ರತಿ. ಆ ಪ್ರತಿಯಲ್ಲಿ 34 ಇದ್ದದ್ದನ್ನು 94 ಮಾಡಿದರೆ ಸರ್ವರಿನಲ್ಲಿರುವ 34 ಹಾಗೇ ಇರುತ್ತದೆ. ಪುಟವನ್ನು ರಿಫ್ರೆಶ್ ಮಾಡಿದ ಕೂಡಲೇ ಹಳೆಯ ಅಂಕ ಮರಳುತ್ತದೆ. ಮನೆಗೆ ಬಂದ ದಿನಪತ್ರಿಕೆಯಲ್ಲಿ ಪೆನ್ನಿನಿಂದ ಗೀಚಿದರೆ ಊರಿನ ಎಲ್ಲರ ಪತ್ರಿಕೆಯೂ ಬದಲಾಗುವುದಿಲ್ಲವಲ್ಲ, ಹಾಗೆ.

ಅಪಾಯ ಇರುವುದು ಬೇರೆ ಕಡೆ. ಹೀಗೆ ತಿದ್ದಿದ ಪುಟದ ಸ್ಕ್ರೀನ್‌ಶಾಟ್ ಅಸಲಿಯಂತೆಯೇ ಕಾಣುತ್ತದೆ. ಅಕ್ಷರ, ಬಣ್ಣ, ಲಾಂಛನ, ಮೇಲಿನ ವಿಳಾಸ ಎಲ್ಲವೂ ಸರಿಯಾಗಿರುತ್ತವೆ, ಏಕೆಂದರೆ ಪುಟ ನಿಜವಾದದ್ದೇ. ಸುಳ್ಳಾಗಿರುವುದು ಒಂದೇ ಒಂದು ಸಾಲು. ‘ಹಣ ಕಳಿಸಿದ್ದೇನೆ ನೋಡಿ’ ಎಂಬ ಬ್ಯಾಂಕ್ ಪುಟ, ಕೆಲಸಕ್ಕೆ ಆಯ್ಕೆಯಾದವರ ಪಟ್ಟಿ, ಸುದ್ದಿ ತಾಣದ ಶೀರ್ಷಿಕೆ, ಯಾವುದನ್ನು ಬೇಕಾದರೂ ಹೀಗೆ ಮಾಡಬಹುದು. ಹಾಗಾಗಿ ಸ್ಕ್ರೀನ್‌ಶಾಟನ್ನು ಪುರಾವೆ ಎಂದು ನಂಬಬೇಡಿ. ವಿಳಾಸವನ್ನು ನೀವೇ ತೆರೆದು ನೋಡಿ. ಹಣ ಬಂದಿದೆಯೇ ಎಂದು ನಿಮ್ಮ ಖಾತೆಯಲ್ಲೇ ನೋಡಿ.

ನಮ್ಮ ಫೋನಿನಲ್ಲೂ ಇದೇ ತಪ್ಪು

ಮಿಸೌರಿಯವರು ಮಾಡಿದ ತಪ್ಪನ್ನು ನಾವೂ ದಿನವೂ ಮಾಡುತ್ತಿರುತ್ತೇವೆ.

ಸಂಘದ ಲೆಕ್ಕದ ಎಕ್ಸೆಲ್ ಫೈಲಿನಲ್ಲಿ ಸದಸ್ಯರ ಫೋನ್ ನಂಬರಿನ ಕಾಲಮ್ಮನ್ನು ‘ಹೈಡ್’ ಮಾಡಿ ಗುಂಪಿಗೆ ಕಳಿಸುತ್ತೇವೆ. ಪಡೆದವರು ‘ಅನ್‌ಹೈಡ್’ ಒತ್ತಿದರೆ ಎಲ್ಲ ನಂಬರುಗಳೂ ಪ್ರತ್ಯಕ್ಷ. ಕಳಿಸುವ ಮೊದಲು ಫೈಲಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಆ ಕಾಲಮ್ಮನ್ನು ಅಳಿಸಬೇಕು.

ಆಧಾರ್‌ನ ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆಯುತ್ತೇವೆ. ಕೆಲವು ಆ್ಯಪುಗಳಲ್ಲಿ ಆ ಪಟ್ಟಿ ಮೇಲೆ ಕೂತ ಇನ್ನೊಂದು ಪದರ ಮಾತ್ರ. ಕೆಳಗಿನ ಅಂಕಿಗಳನ್ನು ಆಯ್ಕೆ ಮಾಡಿ ಕಾಪಿ ಮಾಡಬಹುದು. ಫೋಟೋ ಮೇಲೆ ತೆಳುವಾದ ಹೈಲೈಟರ್ ಎಳೆದರೆ ಬೆಳಕು ಹೆಚ್ಚಿಸಿದಾಗ ಅಂಕಿ ಕಾಣಬಹುದು. ಸಂಖ್ಯೆ ಮುಚ್ಚಿ ಕ್ಯೂಆರ್ ಕೋಡನ್ನು ಹಾಗೇ ಬಿಟ್ಟರೆ ಹೆಸರು, ಹುಟ್ಟಿದ ದಿನ, ವಿಳಾಸ ಅದರೊಳಗೇ ಇರುತ್ತವೆ. ಆಧಾರ್ ಪ್ರಾಧಿಕಾರವೇ ಕೊಡುವ ‘ಮಾಸ್ಕ್ಡ್ ಆಧಾರ್’ ಬಳಸುವುದು ಒಳ್ಳೆಯದು. ಅದರಲ್ಲಿ ಸಂಖ್ಯೆಯ ಕೊನೆಯ 4 ಅಂಕಿ ಮಾತ್ರ ಇರುತ್ತವೆ, ಮೊದಲ 8 ಅಂಕಿ ಇರುವುದಿಲ್ಲ.

ವರ್ಡ್ ಫೈಲಿನಲ್ಲಿ ಫೋಟೋವನ್ನು ಕ್ರಾಪ್ ಮಾಡಿದಾಗಲೂ ಕತ್ತರಿಸಿದ ಭಾಗ ಒಳಗೇ ಉಳಿದಿರಬಹುದು. ಎಲ್ಲೆಡೆ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಇದನ್ನು ತೆಗೆದೆನೇ, ಅಥವಾ ಮುಚ್ಚಿದೆನೇ?

ಫಾರ್ವರ್ಡ್ ಮಾಡುವ ಮೊದಲು

‘ಅಡಗಿಸಿಟ್ಟ ರಿಸಲ್ಟ್ ನೋಡಲು ಈ ಲಿಂಕ್ ಒತ್ತಿ, ಈ ಆ್ಯಪ್ ಹಾಕಿಕೊಳ್ಳಿ, ಈ ಕೋಡನ್ನು ಬ್ರೌಸರಿನಲ್ಲಿ ಅಂಟಿಸಿ’ ಎಂಬ ಸಂದೇಶಗಳನ್ನು ಮುಂದಕ್ಕೆ ಕಳಿಸಬೇಡಿ. ಸರ್ವರ್ ಕಳಿಸದೇ ಇರುವುದನ್ನು ಯಾವ ಆ್ಯಪೂ ನಿಮ್ಮ ಫೋನಿನಲ್ಲಿ ಹುಟ್ಟಿಸಲಾರದು. ಆದರೆ ಗೊತ್ತಿಲ್ಲದ ಆ್ಯಪು, ಗೊತ್ತಿಲ್ಲದ ಕೋಡು ನಿಮ್ಮ ಪಾಸ್‌ವರ್ಡ್ ಕದಿಯಬಲ್ಲವು. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಯಾವುದಾದರೂ ತಾಣದಲ್ಲಿ ನಿಜವಾಗಿಯೂ ಬೇರೆಯವರ ಮಾಹಿತಿ ಬಯಲಾಗಿರುವುದು ನಿಮ್ಮ ಕಣ್ಣಿಗೆ ಬಿದ್ದರೆ, ಅದನ್ನು ಗುಂಪಿಗೆ ಹಾಕಬೇಡಿ, ಇನ್ನಷ್ಟು ಕೆದಕಲೂ ಹೋಗಬೇಡಿ. ಆ ತಾಣದವರಿಗೆ ತಿಳಿಸಿ. ಇಂಥ ದೋಷಗಳ ವರದಿಯನ್ನು ಸ್ವೀಕರಿಸಲು ಭಾರತ ಸರ್ಕಾರದ ಸರ್ಟ್-ಇನ್ ಎಂಬ ಸಂಸ್ಥೆಯೂ ಇದೆ. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಶಿಕ್ಷಾರ್ಹ ಎಂಬುದೂ ನೆನಪಿರಲಿ.

ತೀರ್ಮಾನ

‘ಪೇಜ್ ಸೋರ್ಸ್ ತೆರೆದರೆ ಅಡಗಿಸಿಟ್ಟ ಫಲಿತಾಂಶ ಕಾಣುತ್ತದೆ’ ಎಂಬ ಮಾತು ಸರಿಯಾಗಿ ಕಟ್ಟಿದ ತಾಣದ ಮಟ್ಟಿಗೆ ಸುಳ್ಳು. ಅಲ್ಲಿ ಫಲಿತಾಂಶವನ್ನು ಅಡಗಿಸಿರುವುದಿಲ್ಲ, ಇನ್ನೂ ಕಳಿಸಿಯೇ ಇರುವುದಿಲ್ಲ. ‘ಅಂಕ ತಿದ್ದಬಹುದು’ ಎಂಬುದು ದಾರಿ ತಪ್ಪಿಸುವ ಮಾತು. ‘ಕಾಣದಿದ್ದರೆ ಸುರಕ್ಷಿತ’ ಎಂಬ ನಂಬಿಕೆ ಮೂರರಲ್ಲೂ ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ನಂಬಿಯೇ ನಾವು ಬೇರೆಯವರ ಮಾಹಿತಿಯನ್ನು ಮುಚ್ಚಿ ಕಳಿಸಿಬಿಡುತ್ತೇವೆ. ಮುಂದಿನ ಸಲ ಫೈಲು ಕಳಿಸುವ ಮೊದಲು ಎಲೆಯ ಕೆಳಗೆ ಪಾಯಸ ಉಳಿದಿದೆಯೇ ಎಂದು ಒಮ್ಮೆ ಎತ್ತಿ ನೋಡಿ.